ತಟ್ಟೆ ಮಾಡಿದವರು, ಕತ್ತೆ ಬರೆದವರು

(ಮಣ್ಣಿನ ಕೆಲಸ ಕಲಿಯುತ್ತಿರುವ ವಿದ್ಯಾರ್ಥಿಗಳ ಶಿಬಿರವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಟಲಿಯಲ್ಲಿ ನೇಪಲ್ಸ್ ದಾಟಿ ದಕ್ಷಿಣಕ್ಕೆ ಹೋದರೆ, ಸಲೆರ್ನೊ ಪಟ್ಟಣ ಇನ್ನೇನು ಬಂತು ಅನ್ನುವಾಗ ವಿಯೆತ್ರಿ ಸುಲ್ ಮಾರೆ ಅನ್ನುವ ಊರು ಸಿಗುತ್ತದೆ. ಅಮಾಲ್ಫಿ ಕರಾವಳಿ ಶುರುವಾಗುವುದೇ ಅಲ್ಲಿಂದ. ಊರಿನ ಬೀದಿಗಳ ತುಂಬ ಪಿಂಗಾಣಿ ಅಂಗಡಿಗಳು. ಆ ಅಂಗಡಿಗಳ ತುಂಬ ಕತ್ತೆಗಳು. ತಟ್ಟೆಯ ಮೇಲೆ ಕತ್ತೆ, ಟೈಲ್ಸ್ ಮೇಲೆ ಕತ್ತೆ, ಕಿಟಕಿಯಲ್ಲಿಡುವ ಪುಟ್ಟ ಗೊಂಬೆ ಕತ್ತೆ. ಆ ಊರಿಗೆ ಒಂದು ಗುರುತು ಅಂತ ಇದ್ದರೆ ಅದು ಈ ಕತ್ತೆಯೇ. ಅಲ್ಲಿನವರು ಅದನ್ನು ಮುದ್ದಾಗಿ ‘ಚುಚ್ಚಾರಿಯೆಲ್ಲೊ’ ಅಂತ ಕರೆಯುತ್ತಾರೆ.

ಈ ಕತ್ತೆಗೆ ಮೊದಲು ರೂಪ ಕೊಟ್ಟವರು ಆ ಊರಿನವರಲ್ಲ, ಇಟಲಿಯವರೂ ಅಲ್ಲ. ರಿಚಾರ್ಡ್ ಡೋಲ್ಕರ್ ಅನ್ನುವ ಜರ್ಮನ್ ಚಿತ್ರಕಾರ. ಹುಟ್ಟಿದ್ದು 1896, ತೀರಿಕೊಂಡದ್ದು 1955. 1920ರ ದಶಕದ ಮೊದಲ ವರ್ಷಗಳಲ್ಲಿ ವಿಯೆತ್ರಿಗೆ ಬಂದರು, ಮಣ್ಣಿನ ಮೇಲೆ ಚಿತ್ರ ಬರೆಯುವುದಕ್ಕೆ ಕೂತರು. ಅವರ ಹಿಂದೆ ಇನ್ನೂ ಹಲವರು ಬಂದರು. ಸುಮಾರು 1947ರವರೆಗಿನ ಆ ಕಾಲವನ್ನು ಇಟಲಿಯ ಕಲಾ ಇತಿಹಾಸದಲ್ಲಿ ವಿಯೆತ್ರಿಯ ‘ಜರ್ಮನ್ ಕಾಲ’ ಅಂತಲೇ ಕರೆಯುತ್ತಾರೆ. ಇವತ್ತು ಡೋಲ್ಕರ್ ಅವರನ್ನು ನಡುವೆ ಇಟ್ಟುಕೊಂಡು ಆ ಕಾಲದ ಬಗ್ಗೆ ಮಾತಾಡುತ್ತೇನೆ.

ಈ ಕಥೆಯನ್ನು ಸಾಮಾನ್ಯವಾಗಿ ಹೇಳುವ ರೀತಿ ನನಗೆ ಒಪ್ಪಿಗೆಯಾಗುವುದಿಲ್ಲ. ಮಲಗಿದ್ದ ಒಂದು ಊರು, ಹೊರಗಿನಿಂದ ಕಲಾವಿದರು ಬಂದು ಎಬ್ಬಿಸಿದರು ಅಂತ ಹೇಳುತ್ತಾರೆ. ಅದು ಅರ್ಧ ನಿಜ. ಉಳಿದ ಅರ್ಧ ತಿಗರಿಯ, ಅಂದರೆ ಕುಂಬಾರರ ಚಕ್ರದ ಮುಂದೆ ಕೂತಿದ್ದವರಿಗೆ ಸೇರಿದ್ದು. ಆ ಅರ್ಧವನ್ನೂ ಹೇಳಬೇಕು ಅಂತಲೇ ಈ ವಿಷಯ ಆರಿಸಿಕೊಂಡೆ.

ಮೊದಲು ಊರು ಹೇಗಿದೆ ಅಂತ ನೋಡೋಣ. ಊರಿನ ಮುಖ್ಯ ಭಾಗ ಗುಡ್ಡದ ಮೇಲಿದೆ. ಕೆಳಗೆ ಕಡಲಿಗೆ ಅಂಟಿಕೊಂಡು ಮರೀನಾ, ಅಂದರೆ ಮೀನುಗಾರರ ಕೇರಿ. ಸುತ್ತಲೂ ರಾಯ್ತೊ, ಅಲ್ಬೋರಿ, ಮೊಲೀನಾ ಅಂತ ಸಣ್ಣ ಸಣ್ಣ ಹಳ್ಳಿಗಳು. ಗುಡ್ಡ ನೇರವಾಗಿ ಕಡಲಿಗೆ ಇಳಿಯುತ್ತದೆ, ಮೆಟ್ಟಿಲು ಮೆಟ್ಟಿಲಾಗಿ ತೋಟ ಮಾಡಿದ್ದಾರೆ, ನಿಂಬೆ ಬೆಳೆಯುತ್ತಾರೆ. ಸಾಮಾನು ಹೊತ್ತು ಮೇಲೆ ಕೆಳಗೆ ಓಡಾಡುವುದಕ್ಕೆ ಆಗ ಕತ್ತೆಯೇ ಗತಿ. ಊರಿನ ಸ್ನಾನಿಕ ಯೋಹಾನನ ಚರ್ಚಿನ ಗುಮ್ಮಟಕ್ಕೆ ಬಣ್ಣದ ಮಜೋಲಿಕಾ (ಲೇಪ ಕೊಟ್ಟು ಸುಟ್ಟ ಮಣ್ಣಿನ) ಟೈಲ್ಸ್ ಹೊದಿಸಿದ್ದಾರೆ. ಬಿಸಿಲು ಬಿದ್ದಾಗ ಕಡಲಿನಿಂದಲೇ ಕಾಣುತ್ತದೆ. ಅಂದರೆ ಜರ್ಮನ್ನರು ಬರುವುದಕ್ಕೆ ನೂರಾರು ವರ್ಷ ಮೊದಲೇ ಇಲ್ಲಿ ಮಣ್ಣು ಸುಡುವ ಕೆಲಸ ಇತ್ತು. ಎಣ್ಣೆ, ವೈನ್, ಉಪ್ಪಿನಲ್ಲಿಟ್ಟ ಮೀನು ತುಂಬಿಡುವ ಜಾಡಿಗಳು, ಊಟದ ತಟ್ಟೆಗಳು, ನೆಲಕ್ಕೆ ಹಾಕುವ ಟೈಲ್ಸ್, ಮನೆಯ ಗೋಡೆಯಲ್ಲಿ ಕೂರಿಸುವ ಸಂತರ ಚಿತ್ರ. ಅವಲ್ಲೋನೆ, ಕಸ್ಸೆಟ್ಟಾ, ಪಿಂತೊ, ಸೊಲಿಮೆನೆ ಅನ್ನುವ ಮನೆತನಗಳಿಗೆ ಇದೇ ಕಸುಬು.

ಇಲ್ಲಿಗೆ ಜರ್ಮನ್ನರು ಯಾಕೆ ಬಂದರು?

ಜರ್ಮನ್ ಕಲಾವಿದರಿಗೆ ಇಟಲಿಯ ಹುಚ್ಚು ಹಳೆಯದು. ಜರ್ಮನ್ ಕವಿ ಗಯಟೆ 1787ರಲ್ಲೇ ನೇಪಲ್ಸಿಗೆ ಬಂದು, ಅಲ್ಲಿಂದ ಪೇಸ್ಟಮ್‌ನ ಗ್ರೀಕ್ ಗುಡಿಗಳವರೆಗೂ ಹೋಗಿದ್ದ. ಆದರೆ 1920ರ ದಶಕದಲ್ಲಿ ಬಂದವರನ್ನು ಬರೀ ಬಿಸಿಲಿನ ಆಸೆ ತಂದದ್ದಲ್ಲ. ಮೊದಲ ಮಹಾಯುದ್ಧ ಶುರುವಾದಾಗ ಡೋಲ್ಕರ್ ವಯಸ್ಸು 18. ಆ ತಲೆಮಾರಿನ ಹುಡುಗರ ಯೌವನವನ್ನು ಯುದ್ಧವೇ ತಿಂದುಹಾಕಿತು. ಅದರ ಮೇಲೆ ಸೋಲು, ಹಸಿವು, ಬೀದಿ ಜಗಳ. 1923ರ ನವೆಂಬರ್ ಹೊತ್ತಿಗೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಕೊಡಬೇಕಾಗಿತ್ತು. ಆ ದೇಶದಲ್ಲಿ ಯುವ ಚಿತ್ರಕಾರನೊಬ್ಬ ಏನು ಮಾರಬೇಕು, ಯಾರಿಗೆ ಮಾರಬೇಕು? ದಕ್ಷಿಣ ಇಟಲಿಯಲ್ಲಿ ಕಡಿಮೆ ದುಡ್ಡಿಗೆ ಬಾಡಿಗೆ ಕೋಣೆ ಸಿಗುತ್ತಿತ್ತು, ಮೀನು ಬ್ರೆಡ್ಡು ಸಿಗುತ್ತಿತ್ತು, ವರ್ಷದಲ್ಲಿ ಹೆಚ್ಚಿನ ದಿನ ಬಿಸಿಲು. ಅದೇ ದಶಕದಲ್ಲಿ ನೇಪಲ್ಸ್ ಕೊಲ್ಲಿಯ ಕಾಪ್ರಿ ದ್ವೀಪದಲ್ಲಿ ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ ತಿಂಗಳುಗಟ್ಟಲೆ ಉಳಿದಿದ್ದರು. ಅಮಾಲ್ಫಿ ಕರಾವಳಿಯ ಪೊಸಿತಾನೊದಲ್ಲಿ ಜರ್ಮನ್ ಚಿತ್ರಕಾರರ ಒಂದು ಗುಂಪೇ ಬೆಳೆಯಿತು. ಹೀಗೆ ಬಂದ ಬಹಳ ಜನ ಕ್ಯಾನ್ವಾಸ್ ಹಿಡಿದು ಕಡಲನ್ನು ಬರೆದರು. ವಿಯೆತ್ರಿಗೆ ಬಂದವರು ಮಾತ್ರ ಕುಂಬಾರರ ಕೋಣೆಯೊಳಗೆ ಕಾಲಿಟ್ಟರು.

ಒಳಗೆ ಹೋದಾಗ ಅವರ ಕೈಗೆ ಸಿಕ್ಕಿದ್ದು ಮಜೋಲಿಕಾ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಡೋಲ್ಕರ್ ಅವರ ಗೆರೆ ಯಾಕೆ ಹಾಗಿದೆ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ.

ಕೆಂಪು ಜೇಡಿಮಣ್ಣಿನಿಂದ ತಿಗರಿಯ ಮೇಲೆ ತಟ್ಟೆ ಮಾಡುತ್ತಾರೆ. ನೆರಳಿನಲ್ಲಿ ಒಣಗಿಸುತ್ತಾರೆ. ಒಮ್ಮೆ ಆವಿಗೆಯಲ್ಲಿ ಸುಡುತ್ತಾರೆ. ಈಗ ಅದು ಗಟ್ಟಿಯಾಗಿದೆ, ಆದರೆ ನೀರು ಹೀರುತ್ತದೆ. ಆಮೇಲೆ ಅದನ್ನು ಲೇಪದ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಾರೆ. ಈ ಲೇಪದಲ್ಲಿ ನುಣ್ಣಗೆ ಅರೆದ ಗಾಜಿನಂಥ ಪುಡಿ, ಸೀಸ, ಜೊತೆಗೆ ತವರದ ಆಕ್ಸೈಡ್ ಇರುತ್ತದೆ. ಕೆಂಪು ಮಣ್ಣನ್ನು ಮುಚ್ಚಿ ಹಾಲಿನಂಥ ಬಿಳುಪು ತರುವುದು ಈ ತವರ. ಅದ್ದಿದ ಕೆಲವೇ ಕ್ಷಣಗಳಲ್ಲಿ ತಟ್ಟೆ ನೀರನ್ನೆಲ್ಲ ಕುಡಿದುಬಿಡುತ್ತದೆ, ಮೇಲೆ ಬಿಳಿ ಪುಡಿಯ ಪದರ ಉಳಿಯುತ್ತದೆ. ಹೊಸದಾಗಿ ಸುಣ್ಣ ಬಳಿದ ಗೋಡೆ ಮುಟ್ಟಿದರೆ ಬೆರಳಿಗೆ ಬಿಳಿ ಹತ್ತುತ್ತದಲ್ಲ, ಹಾಗೇ ಇರುತ್ತದೆ. ಚಿತ್ರ ಬರೆಯಬೇಕಾದ್ದು ಈ ಪುಡಿಯ ಮೇಲೆ.

ಇವತ್ತು ಬೆಳಿಗ್ಗೆ ನೀವೆಲ್ಲ ಬರೆದು ನೋಡಿದಿರಿ. ಏನಾಯಿತು? ಕುಂಚ ಇಟ್ಟ ಕೂಡಲೇ ಬಣ್ಣ ಒಳಗೆ ಹೋಯಿತು. ಎರಡನೇ ಸಲ ಅದೇ ಜಾಗದಲ್ಲಿ ಎಳೆದವರಿಗೆ ಲೇಪವೇ ಕಿತ್ತುಕೊಂಡು ಬಂತು. ಯೋಚಿಸುತ್ತಾ ಕುಂಚ ನಿಲ್ಲಿಸಿದವರ ತಟ್ಟೆಯಲ್ಲಿ ಒಂದು ದಪ್ಪ ಚುಕ್ಕೆ ಕೂತಿತು. ಎಣ್ಣೆಬಣ್ಣದಲ್ಲಿ ಬೇಡವಾದದ್ದನ್ನು ಕೆರೆದು ತೆಗೆಯಬಹುದು, ಮರುದಿನ ಬಂದು ತಿದ್ದಬಹುದು. ಇಲ್ಲಿ ಅದೆಲ್ಲ ಸಾಧ್ಯವಿಲ್ಲ. ತಪ್ಪಾದರೆ ಇಡೀ ಲೇಪ ತೊಳೆದು, ಒಣಗಿಸಿ, ಮತ್ತೆ ಅದ್ದಬೇಕು.

ಇನ್ನೊಂದು ಕಷ್ಟವೂ ಇದೆ. ಬರೆಯುವಾಗ ಕಾಣುವ ಬಣ್ಣ ಸುಟ್ಟ ಮೇಲಿನ ಬಣ್ಣವಲ್ಲ. ಕೋಬಾಲ್ಟ್ ಆಕ್ಸೈಡ್ ಕುಂಚದಲ್ಲಿ ಕಪ್ಪಾಗಿ ಕಾಣುತ್ತದೆ, ಆವಿಗೆಯಿಂದ ನೀಲಿಯಾಗಿ ಬರುತ್ತದೆ. ತಾಮ್ರ ಹಸಿರಾಗುತ್ತದೆ. ಮ್ಯಾಂಗನೀಸ್ ನೇರಳೆಯೋ ಕಂದೋ ಆಗುತ್ತದೆ, ಎಷ್ಟು ದಪ್ಪ ಬಳಿದಿದ್ದೀರಿ ಅನ್ನುವುದರ ಮೇಲೆ. ಹಳದಿ ಬೇಕಾದರೆ ಆಂಟಿಮನಿ. ಅಂದರೆ ಚಿತ್ರಕಾರ ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಂಡು, ಕಣ್ಣಿಗೆ ಕಾಣದ ಬಣ್ಣದಲ್ಲಿ ಬರೆಯಬೇಕು. ಎರಡನೇ ಸಲ ಸುಡುವಾಗ ಶಾಖ ಸುಮಾರು 900ರಿಂದ 950 ಡಿಗ್ರಿಗೆ ಏರುತ್ತದೆ. ಲೇಪ ಕರಗಿ ಗಾಜಾಗುತ್ತದೆ, ಬಣ್ಣ ಅದರೊಳಗೆ ಮುಳುಗುತ್ತದೆ. ಕಟ್ಟಿಗೆ ಉರಿಸುವ ಆವಿಗೆಯಲ್ಲಿ ಎಲ್ಲ ಮೂಲೆಗೂ ಒಂದೇ ಶಾಖ ಸಿಗುವುದಿಲ್ಲ. ಉರಿಗೆ ಹತ್ತಿರ ಇಟ್ಟದ್ದು ಹೆಚ್ಚು ಕರಗಿ ಗೆರೆ ಹರಡುತ್ತದೆ, ದೂರ ಇಟ್ಟದ್ದು ಮಂಕಾಗಿ ಉಳಿಯುತ್ತದೆ. ಯಾವ ತಟ್ಟೆ ಎಲ್ಲಿಡಬೇಕು ಅಂತ ಗೊತ್ತಿರುವುದು ಆವಿಗೆ ಜೋಡಿಸುವವರಿಗೆ. ಕಟ್ಟಿಗೆ ಎಷ್ಟು ಹಾಕಬೇಕು, ಯಾವಾಗ ನಿಲ್ಲಿಸಬೇಕು ಅಂತ ಗೊತ್ತಿರುವುದು ಉರಿ ನೋಡುವವರಿಗೆ.

ಈಗ ಡೋಲ್ಕರ್ ಅವರನ್ನು ಈ ಕೋಣೆಯಲ್ಲಿ ಕೂರಿಸಿ ನೋಡಿ. ಕಾಗದಕ್ಕೂ ಕ್ಯಾನ್ವಾಸಿಗೂ ಪಳಗಿದ ಕೈ. ಇಲ್ಲಿ ಆ ಪಳಗಿಕೆಯ ಬಹುಪಾಲು ಕೆಲಸಕ್ಕೆ ಬರುವುದಿಲ್ಲ. ನೆರಳು ಬೆಳಕು ತುಂಬಲು ಆಗುವುದಿಲ್ಲ, ದೂರ ಹತ್ತಿರ ತೋರಿಸುವ ಲೆಕ್ಕಾಚಾರ ಗುಂಡಗಿನ ತಟ್ಟೆಯ ಮೇಲೆ ನಿಲ್ಲುವುದಿಲ್ಲ. ಉಳಿಯುವುದು ಗೆರೆ ಮತ್ತು ಖಾಲಿ ಬಿಟ್ಟ ಬಿಳಿ, ಅಷ್ಟೇ. ಆಗ ಏನನ್ನು ಬರೆಯಬಹುದು? ಒಂದೇ ಉಸಿರಿಗೆ ಬರೆದು ಮುಗಿಸಬಹುದಾದ್ದನ್ನು. ಮೀನು, ಹಕ್ಕಿ, ದೋಣಿ, ತಲೆಯ ಮೇಲೆ ಹೊರೆ ಹೊತ್ತ ಹೆಂಗಸು, ಮರ, ಸಂತ, ಕತ್ತೆ.

ಕತ್ತೆಯನ್ನೇ ತಗೊಳ್ಳಿ. ಬೆನ್ನಿಗೆ ಒಂದು ಉದ್ದ ಗೆರೆ, ಕೊನೆಯಲ್ಲಿ ಬಾಲ. ಹೊಟ್ಟೆಗೆ ಇನ್ನೊಂದು. ನಾಲ್ಕು ಕಡ್ಡಿ ಕಾಲು. ಮುಖಕ್ಕಿಂತ ಕಿವಿ ದೊಡ್ಡದು. ನೋಡಿದರೆ ಮಗು ಬರೆದ ಹಾಗಿದೆ ಅನಿಸಬಹುದು. ಆದರೆ ಮಗುವಿನ ಗೆರೆಗೂ ಇದಕ್ಕೂ ವ್ಯತ್ಯಾಸ ಇದೆ. ಕುಂಚ ಎಲ್ಲಿ ಒತ್ತಬೇಕು, ಎಲ್ಲಿ ಹಗುರ ಮಾಡಬೇಕು ಅಂತ ಕೈಗೆ ಗೊತ್ತಿದೆ. ಒತ್ತಿದ ಕಡೆ ಬಣ್ಣ ದಪ್ಪವಾಗಿ ಕೂತು ಕಡುವಾಗುತ್ತದೆ, ಹಗುರವಾದ ಕಡೆ ಕೆಳಗಿನ ಬಿಳಿ ಇಣುಕುತ್ತದೆ. ಹಾಗಾಗಿ ಒಂದೇ ಗೆರೆಯಲ್ಲಿ ಕತ್ತೆಯ ಭಾರವೂ ಬಂತು, ಸೊರಗಿದ ಹೊಟ್ಟೆಯೂ ಬಂತು. ಆ ಗೆರೆಯನ್ನು ಅಷ್ಟು ಚುಟುಕು ಮಾಡಿಸಿದ್ದು ಲೇಪ. ಲೇಪ ಬೇಗ ಹೀರುವುದರಿಂದ ಗೆರೆ ಬೇಗ ಮುಗಿಯಲೇಬೇಕಾಗಿತ್ತು. ಡೋಲ್ಕರ್ ಅವರ ಶೈಲಿ ಅಂತ ನಾವು ಕರೆಯುವುದರಲ್ಲಿ ಒಂದು ದೊಡ್ಡ ಪಾಲು ಆ ಊರಿನ ಲೇಪದ್ದು, ಆ ಊರಿನ ಮಣ್ಣಿನದ್ದು.

ಹಾಗಾದರೆ ಡೋಲ್ಕರ್ ಮಾಡಿದ್ದೇನು? ಬಹಳ ದೊಡ್ಡ ಕೆಲಸವನ್ನೇ ಮಾಡಿದರು. ವಿಯೆತ್ರಿಯ ಕುಂಬಾರರಿಗೆ ಕತ್ತೆ ದಿನಾ ಕಾಣುವ ಪ್ರಾಣಿ. ಅವರ ಮಣ್ಣು, ಕಟ್ಟಿಗೆ, ಸುಟ್ಟ ಮಡಕೆ ಎಲ್ಲವನ್ನೂ ಹೊರುತ್ತಿದ್ದದ್ದು ಅದೇ. ದಿನಾ ಬೆನ್ನು ತಟ್ಟಿ ಓಡಿಸುವ ಪ್ರಾಣಿಯನ್ನು ಯಾರಾದರೂ ಚಂದದ ತಟ್ಟೆಯ ನಡುವೆ ಬರೆಯುತ್ತಾರಾ? ಅಲ್ಲಿ ಹೂವು ಬರೆಯುತ್ತಿದ್ದರು, ಬಳ್ಳಿ ಬರೆಯುತ್ತಿದ್ದರು, ಸಂತರನ್ನು ಬರೆಯುತ್ತಿದ್ದರು. ಸಂತರಿಗೆ ಮೀಸಲಾಗಿದ್ದ ಜಾಗದಲ್ಲಿ ಕತ್ತೆಯನ್ನು ನಿಲ್ಲಿಸಿದ್ದು ಡೋಲ್ಕರ್. ಇದನ್ನು ನಾನು ತುಂಬಾ ಗೌರವದಿಂದ ಹೇಳುತ್ತೇನೆ. ಹೊರಗಿನಿಂದ ಬಂದವರು ಎರಡು ರೀತಿ ನೋಡಬಹುದು. ತಾವು ಹುಡುಕಿಕೊಂಡು ಬಂದದ್ದನ್ನೇ ನೋಡಬಹುದು, ಇಲ್ಲವೇ ಅಲ್ಲಿರುವುದನ್ನು ನೋಡಬಹುದು. ದಕ್ಷಿಣ ಇಟಲಿಗೆ ಬಂದ ಉತ್ತರದವರು ಹೆಚ್ಚಾಗಿ ಮುರಿದ ಕಂಬಗಳನ್ನು, ಸೂರ್ಯಾಸ್ತವನ್ನು ಬರೆದು ವಾಪಸು ಹೋದರು. ಡೋಲ್ಕರ್ ಹೊರೆ ಹೊರುವ ಪ್ರಾಣಿಯನ್ನು, ಬಲೆ ಎಳೆಯುವ ಮನುಷ್ಯರನ್ನು ನೋಡಿದರು.

ಅವರ ಜೊತೆ, ಅವರ ನಂತರ ಬಂದವರ ಹೆಸರುಗಳನ್ನೂ ಹೇಳಬೇಕು. ಗ್ಯೂಂಟರ್ ಸ್ಟ್ಯೂಡೆಮಾನ್. ಬ್ರೆಮೆನ್‌ನಲ್ಲಿ ಹುಟ್ಟಿ ವೋರ್ಪ್ಸ್‌ವೇಡೆ ಕಲಾವಿದರ ಹಳ್ಳಿಯಲ್ಲಿ ಬಾಳಿದ ಚಿತ್ರಕಾರ್ತಿ ಲೀಸೆಲ್ ಓಪ್ಪೆಲ್. ‘ಬಾಬ್’ ಅಂತಲೇ ಹೆಸರಾದ ಬಾರ್ಬರಾ ಮಾರ್ಗರೆಟೆ ತೇವಾಲ್ಟ್-ಹಾನಾಶ್. ಇವರಲ್ಲಿ ಹೆಂಗಸರು ಕಡಿಮೆ ಇರಲಿಲ್ಲ, ಅದನ್ನು ಗಮನಿಸಿ. 1920ರ ದಶಕದ ಕೊನೆಗೆ ಮ್ಯಾಕ್ಸ್ ಮೆಲಾಮರ್ಸನ್ ಅನ್ನುವ ಜರ್ಮನ್ ಉದ್ಯಮಿ ಮರೀನಾದಲ್ಲಿ ಒಂದು ಕಾರ್ಖಾನೆ ತೆರೆದರು. ಇಂದುಸ್ಟ್ರಿಯಾ ಚೆರಾಮಿಕಾ ಸಲೆರ್ನಿತಾನಾ ಅಂತ ಹೆಸರು, ಚಿಕ್ಕದಾಗಿ ಐಸಿಎಸ್. ಇಲ್ಲಿ ಹೊರಗಿನ ಚಿತ್ರಕಾರರೂ ಊರಿನ ಕುಂಬಾರರೂ ಒಂದೇ ಸೂರಿನಡಿ ಕೆಲಸ ಮಾಡಿದರು. ಹೊಸ ಚಿತ್ರಗಳು ಒಬ್ಬಿಬ್ಬರ ಹವ್ಯಾಸವಾಗಿ ಉಳಿಯದೆ ಮಾರುಕಟ್ಟೆಗೆ ಹೋಗುವ ಮಾಲಾದದ್ದು ಇಂಥ ಕಡೆಯೇ. ಕಲೆಯ ಚರಿತ್ರೆ ಬರೆಯುವವರು ಕಾರ್ಖಾನೆ ಅಂದರೆ ಮೂಗು ಮುರಿಯುತ್ತಾರೆ. ಆದರೆ ಆ ಕಾರ್ಖಾನೆ ಇಲ್ಲದಿದ್ದರೆ ಡೋಲ್ಕರ್ ಕತ್ತೆ ಯಾವುದೋ ಒಂದು ಕಪಾಟಿನಲ್ಲಿ ಉಳಿದುಹೋಗುತ್ತಿತ್ತು ಅಂತ ನನಗನಿಸುತ್ತದೆ.

ಇದೇ ಕೂಟದ ಕಲಾವಿದೆ ಇರೇನ್ ಕೊವಾಲಿಸ್ಕಾ ಬಗ್ಗೆ ಎರಡು ಮಾತು ಜಾಸ್ತಿ ಹೇಳುತ್ತೇನೆ. ಅವರು ಜರ್ಮನ್ ಅಲ್ಲ. 1905ರಲ್ಲಿ ವಾರ್ಸಾದಲ್ಲಿ ಹುಟ್ಟಿ ವಿಯೆನ್ನಾದಲ್ಲಿ ಕಲಿತವರು. 1930ರ ದಶಕದ ಆರಂಭದಲ್ಲಿ ವಿಯೆತ್ರಿಗೆ ಬಂದು ಮೊದಲು ಐಸಿಎಸ್‌ನಲ್ಲಿ ಕೆಲಸ ಮಾಡಿದರು, ಆಮೇಲೆ ಸ್ವಂತ ಕೆಲಸ ಶುರು ಮಾಡಿದರು. ಆದರೂ ‘ಜರ್ಮನ್ ಕಾಲ’ದ ಮಾತು ಬಂದಾಗಲೆಲ್ಲ ಅವರ ಹೆಸರು ಬರುತ್ತದೆ. ಅವರ ತಟ್ಟೆಗಳಲ್ಲಿ ಮನುಷ್ಯರು ಜಾಸ್ತಿ. ಮದುಮಕ್ಕಳು, ತಾಯಿ ಮಗು, ಮೀನುಗಾರ. ದೊಡ್ಡ ಕಣ್ಣು, ಸರಳ ಮುಖ. ಮುಂದೆ ಬಟ್ಟೆಯ ಮೇಲೂ ಅದೇ ಧಾಟಿಯ ಚಿತ್ರ ಮುದ್ರಿಸಿದರು. 1991ರಲ್ಲಿ ತೀರಿಕೊಂಡರು.

ಕೊವಾಲಿಸ್ಕಾ ಬಾಳಸಂಗಾತಿ ಆರ್ಮಿನ್ ವೆಗ್ನರ್, ಜರ್ಮನ್ ಲೇಖಕ. ಮೊದಲ ಯುದ್ಧದಲ್ಲಿ ಒಟ್ಟೋಮನ್ ನಾಡಿನಲ್ಲಿ ವೈದ್ಯಕೀಯ ಸೇವೆಯಲ್ಲಿದ್ದಾಗ ಆರ್ಮೇನಿಯನ್ನರ ಮೇಲೆ ನಡೆದ ದೌರ್ಜನ್ಯದ ಫೋಟೋಗಳನ್ನು ತೆಗೆದವರು ಇವರೇ. 1933ರ ಏಪ್ರಿಲ್‌ನಲ್ಲಿ ಯಹೂದಿಗಳ ಮೇಲಿನ ಬಹಿಷ್ಕಾರವನ್ನು ವಿರೋಧಿಸಿ ಹಿಟ್ಲರನಿಗೇ ಪತ್ರ ಬರೆದರು. ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಪೊ ಹಿಡಿಯಿತು, ಹಿಂಸಿಸಿತು, ಸೆರೆ ಶಿಬಿರಗಳಿಗೆ ಹಾಕಿತು. ಬಿಡುಗಡೆಯಾದ ಮೇಲೆ ದೇಶ ಬಿಟ್ಟು ಕೊನೆಗೆ ಈ ಕರಾವಳಿಗೆ, ಪೊಸಿತಾನೊಗೆ ಬಂದು ಸೇರಿದರು. ಅಲ್ಲಿಂದ ಮುಂದೆ ಜರ್ಮನಿಯಲ್ಲಿ ಬಾಳುವುದಕ್ಕೆ ಹಿಂತಿರುಗಲೇ ಇಲ್ಲ. 1978ರಲ್ಲಿ ರೋಮ್‌ನಲ್ಲಿ ತೀರಿಕೊಂಡರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಕಡಲು, ನಿಂಬೆ ತೋಟ, ನಗುವ ಕತ್ತೆ ಅಂದಾಗ ಇವರೆಲ್ಲ ಸುಖವಾಗಿ ರಜೆ ಕಳೆಯಲು ಬಂದವರು ಅಂತ ಅಂದುಕೊಳ್ಳುವುದು ಸುಲಭ. 1933ರ ಮೇಲೆ ಬಂದವರಲ್ಲಿ ಹಲವರಿಗೆ ವಾಪಸು ಹೋಗಲು ಮನೆಯೇ ಇರಲಿಲ್ಲ.

ಬಂದು ಸೇರಿದ್ದಾದರೂ ಎಲ್ಲಿಗೆ? ಅಲ್ಲಿಯೂ ಮುಸೊಲಿನಿ 1922ರಿಂದ ಗದ್ದುಗೆಯಲ್ಲಿದ್ದ. 1938ರ ಮೇ ತಿಂಗಳಲ್ಲಿ ಹಿಟ್ಲರ್ ಇಟಲಿಗೆ ಬಂದ, ನೇಪಲ್ಸಿಗೂ ಬಂದ. ಅವನು ಬರುವ ಮುಂಚೆ ಇಟಲಿಯಲ್ಲಿ ನೆಲೆಸಿದ್ದ ಹಲವು ಜರ್ಮನ್ನರನ್ನು ಪೊಲೀಸರು ಮುನ್ನೆಚ್ಚರಿಕೆ ಅಂತ ಹಿಡಿದು ಕೂಡಿಹಾಕಿದರು. ಅದೇ ವರ್ಷ ಯಹೂದಿಗಳ ಹಕ್ಕು ಕಸಿಯುವ ಜನಾಂಗ ಕಾನೂನುಗಳು ಬಂದವು, ಹೊರದೇಶದ ಯಹೂದಿಗಳು ದೇಶ ಬಿಡಬೇಕು ಅಂತ ಆಜ್ಞೆ ಆಯಿತು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕೆ ಇಳಿದ ಮೇಲೆ ಉಳಿದಿದ್ದವರನ್ನು ಶಿಬಿರಗಳಿಗೆ ಹಾಕಿದರು. ಸಲೆರ್ನೊ ಪ್ರಾಂತ್ಯದಲ್ಲೇ, ಕಾಂಪಾನ್ಯಾ ಅನ್ನುವ ಊರಿನ ಹಳೆಯ ಮಠಗಳಲ್ಲಿ ಅಂಥ ಒಂದು ಶಿಬಿರ ಇತ್ತು. ವಿಯೆತ್ರಿಯ ಕೂಟ ಚೆದುರಿದ್ದು ಈ ವರ್ಷಗಳಲ್ಲಿ. ಕಲೆಯ ಒಂದು ಕಾಲ ತನ್ನಷ್ಟಕ್ಕೆ ಮುಗಿಯಿತು ಅಂತ ಬರೆಯುತ್ತಾರಲ್ಲ, ಇಲ್ಲಿ ಹಾಗಾಗಲಿಲ್ಲ.

1943ರ ಸೆಪ್ಟೆಂಬರ್ 9ರ ಬೆಳಗಿನ ಜಾವ ಮಿತ್ರರಾಷ್ಟ್ರಗಳ ಸೈನ್ಯ ಸಲೆರ್ನೊ ಕೊಲ್ಲಿಯಲ್ಲಿ ಇಳಿಯಿತು. ಬ್ರಿಟಿಷ್ ಕಮಾಂಡೊಗಳು ಇಳಿದದ್ದು ಮರೀನಾ ದಿ ವಿಯೆತ್ರಿಯಲ್ಲೇ. ಮೇಲಿನ ಗುಡ್ಡಗಳಲ್ಲಿ ಜರ್ಮನ್ ಸೈನಿಕರು. ಜರ್ಮನ್ ಚಿತ್ರಕಾರರು ಮೀನುಗಾರರ ಜೊತೆ ಕೂತು ಮಾತಾಡಿದ್ದ ಅದೇ ದಡದಲ್ಲಿ, ಹತ್ತು ಹದಿನೈದು ವರ್ಷ ಕಳೆಯುವಷ್ಟರಲ್ಲಿ. ಮರುವರ್ಷ ರಾಜ ಮೂರನೇ ವಿಕ್ಟರ್ ಎಮಾನ್ಯುಯೆಲ್ ರಾಯ್ತೊದ ವಿಲ್ಲಾ ಗ್ವಾರಿಲ್ಯಾದಲ್ಲಿ ಕೆಲವು ತಿಂಗಳು ಉಳಿದಿದ್ದ. ಆಗ ಸಲೆರ್ನೊ ಇಟಲಿ ಸರ್ಕಾರದ ತಾತ್ಕಾಲಿಕ ರಾಜಧಾನಿ. ಯುದ್ಧ ಮುಗಿದು ಊರು ಚೇತರಿಸಿಕೊಳ್ಳುವಾಗ 1954ರ ಅಕ್ಟೋಬರ್ ಕೊನೆಯಲ್ಲಿ ಒಂದೇ ರಾತ್ರಿಯ ಮಳೆಗೆ ಗುಡ್ಡಗಳು ಜಾರಿದವು. ವಿಯೆತ್ರಿ, ಸಲೆರ್ನೊ, ಮಯೋರಿ ಕಡೆ ಸೇರಿ 300ಕ್ಕೂ ಹೆಚ್ಚು ಜನ ಸತ್ತರು.

ಇಷ್ಟೆಲ್ಲ ಆದ ಮೇಲೂ ಆವಿಗೆಗಳು ಮತ್ತೆ ಉರಿದವು. ಉರಿಸಿದವರು ಯಾರು? ಹೊರಗಿನಿಂದ ಬಂದವರಲ್ಲಿ ಹೆಚ್ಚಿನವರು ಅಷ್ಟರಲ್ಲಿ ಹೊರಟುಹೋಗಿದ್ದರು. ಉರಿಸಿದವರು ಊರಿನವರು. ಅದಕ್ಕೇ ನಾನು ಮೊದಲೇ ಹೇಳಿದ ಉಳಿದರ್ಧದ ಮಾತು.

ತಿಗರಿಯ ಮೇಲೆ ಕೆಲಸ ಮಾಡುವವರನ್ನು ಅಲ್ಲಿ ‘ಟೋರ್ನಿಯಾಂತೆ’ ಅನ್ನುತ್ತಾರೆ. ಒಂದು ದೊಡ್ಡ ತಟ್ಟೆಯನ್ನು ತಿಗರಿಯಲ್ಲಿ ಹರಡುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿದೆ. ಅಂಚು ಸ್ವಲ್ಪ ಜಾಸ್ತಿ ಚಾಚಿದರೆ ಕುಸಿಯುತ್ತದೆ. ನಡುಭಾಗ ಸರಿಯಾಗಿ ಒತ್ತದಿದ್ದರೆ ಒಣಗುವಾಗ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಸೀಳುತ್ತದೆ. ಆ ಕೆಲಸಗಾರ ದಿನಕ್ಕೆ ರಾಶಿ ರಾಶಿ ತಟ್ಟೆ ಮಾಡಿ, ಒಂದರಂತೆ ಒಂದನ್ನು ಸಾಲಾಗಿ ಹಲಗೆಯ ಮೇಲೆ ಇಡುತ್ತಾನೆ. ನಂತರ ಅದ್ದುವವರು, ಆವಿಗೆ ತುಂಬುವವರು, ಉರಿ ನೋಡುವವರು. ಇಷ್ಟು ಜನರ ನಡುವೆ ಚಿತ್ರಕಾರನ ಪಾಲು ಕೆಲವು ನಿಮಿಷದ್ದು. ಆ ನಿಮಿಷಗಳ ಬೆಲೆ ಕಡಿಮೆ ಅಂತ ನಾನು ಹೇಳುತ್ತಿಲ್ಲ. ಆದರೆ ಮ್ಯೂಸಿಯಂನ ಚೀಟಿಯಲ್ಲಿ ಸಾಮಾನ್ಯವಾಗಿ ಇರುವುದು ಚಿತ್ರಕಾರನ ಒಂದೇ ಹೆಸರು.

ಆವಿಗೆ ತುಂಬುವವರ ಕೈಯ ಗುರುತು ಮಾತ್ರ ತಟ್ಟೆಯ ಮೇಲೇ ಉಳಿದಿರುತ್ತದೆ. ಲೇಪ ಕರಗಿದಾಗ ತಟ್ಟೆಗಳು ಒಂದಕ್ಕೊಂದು ಅಂಟಿಕೊಳ್ಳಬಾರದು ಅಂತ ನಡುವೆ ಮಣ್ಣಿನ ಮೂರು ಕಾಲಿನ ಸಣ್ಣ ಆಸರೆ ಇಡುತ್ತಾರೆ. ಸುಟ್ಟ ಮೇಲೆ ಅದನ್ನು ಕಿತ್ತು ತೆಗೆದಾಗ ಮೂರು ಚಿಕ್ಕ ಗಾಯಗಳು ಉಳಿಯುತ್ತವೆ. ಆಸರೆಯ ಮೊನೆ ತಟ್ಟೆಯ ಒಳಮುಖಕ್ಕೆ ತಾಗಿದ್ದರೆ ಚಿತ್ರದ ನಡುವೆಯೇ ಮೂರು ಚುಕ್ಕೆ. ಹಳೆಯ ಮಜೋಲಿಕಾ ತಟ್ಟೆ ಕೈಗೆ ಸಿಕ್ಕರೆ ಬೆರಳಾಡಿಸಿ ನೋಡಿ, ಚುಚ್ಚುತ್ತದೆ. ಕೊಳ್ಳುವವರು ಅದನ್ನು ಕಲೆ ಬಿದ್ದಿದೆ ಅಂತ ದೂರುತ್ತಾರೆ. ನನಗೆ ಅದು ಸಹಿಯಷ್ಟೇ ಮುಖ್ಯ.

ಇವತ್ತು ನಿಮ್ಮಲ್ಲಿ ಹಲವರು ಬೇರೆಯವರು ಮಾಡಿದ ಮಡಕೆ ತಂದು ಚಿತ್ರ ಬರೆಯುತ್ತೀರಿ. ದಯವಿಟ್ಟು ಕೆಳಗೆ ಎರಡೂ ಹೆಸರು ಬರೆಯಿರಿ. ಪ್ರದರ್ಶನದಲ್ಲಿ ಇಡುವಾಗ ಚೀಟಿಯಲ್ಲೂ ಎರಡೂ ಹೆಸರು ಇರಲಿ. ಮಾಡಿದವರು ಹೆಸರು ಬೇಡ ಅಂದರೂ ಒಮ್ಮೆ ಕೇಳಿ.

ಮುಂದಿನ ತಲೆಮಾರಿನಲ್ಲಿ ಏನಾಯಿತು ಅನ್ನುವುದಕ್ಕೆ ಗ್ವಿದೊ ಗಾಂಬೋನೆ ಒಳ್ಳೆಯ ಉದಾಹರಣೆ. 1909ರಲ್ಲಿ ಆವೆಲ್ಲಿನೊ ಪ್ರಾಂತ್ಯದ ಮೊಂತೆಲ್ಲಾದಲ್ಲಿ ಹುಟ್ಟಿದವರು. ಜರ್ಮನ್ನರು ಕೆಲಸ ಮಾಡುತ್ತಿದ್ದ ಕಾಲದ ವಿಯೆತ್ರಿಯಲ್ಲೇ ಕೈ ಪಳಗಿಸಿಕೊಂಡರು. ಶುರುವಿನಲ್ಲಿ ಅವರ ಮೇಲೆ ಡೋಲ್ಕರ್ ಮತ್ತಿತರರ ಧಾಟಿಯ ನೆರಳು ಇತ್ತು. ಆಮೇಲೆ ಅದನ್ನು ಬಿಟ್ಟರು. ಹೊಳೆಯುವ ನುಣುಪು ಬಿಟ್ಟು ಒರಟು, ದಪ್ಪ ಲೇಪದ ಕಡೆ ಹೋದರು. ಚಿತ್ರವನ್ನು ಮಡಕೆಯ ಮೇಲೆ ಇಡುವುದರ ಬದಲು ಮಡಕೆಯ ಆಕಾರವೇ ಮಾತಾಡುವ ಹಾಗೆ ಮಾಡಿದರು. ಫಾಯೆಂಜಾದ ಪಿಂಗಾಣಿ ಸ್ಪರ್ಧೆಯಲ್ಲಿ ಬಹುಮಾನ ಗೆದ್ದರು. 1950ರ ಹೊತ್ತಿಗೆ ಫ್ಲಾರೆನ್ಸಿಗೆ ಹೋಗಿ ನೆಲೆಸಿದರು, 1969ರಲ್ಲಿ ಅಲ್ಲೇ ತೀರಿಕೊಂಡರು. ವಿಯೆತ್ರಿಯಲ್ಲಿ ಹುಟ್ಟಿದ ಅವರ ಮಗ ಬ್ರೂನೊ ಕೂಡ ಹೆಸರಾಂತ ಪಿಂಗಾಣಿ ಕಲಾವಿದರಾದರು. ಕಲಿತದ್ದನ್ನು ಹಾಗೇ ಉಳಿಸಿಕೊಳ್ಳಬೇಕು ಅಂತೇನಿಲ್ಲ, ಅಲ್ವಾ? ಗಾಂಬೋನೆ ಕತ್ತೆಯ ಹಿಂದೆ ನಡೆಯಲಿಲ್ಲ ಅನ್ನುವುದೇ ನನಗೆ ಇಷ್ಟವಾದ ಸಂಗತಿ.

ಇನ್ನೊಂದು ಉದಾಹರಣೆ ಕಟ್ಟಡದ್ದು. ಟ್ಯೂರಿನ್‌ನ ಪಾವೊಲೊ ಸೊಲೇರಿ ಅಮೆರಿಕದಲ್ಲಿ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಬಳಿ ಕಲಿತು 1950ರಲ್ಲಿ ಇಟಲಿಗೆ ಬಂದರು. ವಿಯೆತ್ರಿಯ ಸೊಲಿಮೆನೆ ಮನೆತನ ಅವರಿಗೆ ಹೊಸ ಕಾರ್ಖಾನೆ ಕಟ್ಟಿಕೊಡುವ ಕೆಲಸ ಕೊಟ್ಟಿತು. ಅವರು ಕಟ್ಟಿದ್ದು ನೋಡಿದವರು ಮರೆಯಲಾಗದಂಥ ಕಟ್ಟಡ. ರಸ್ತೆಯ ಕಡೆಯ ಗೋಡೆ ಬುಡದಲ್ಲಿ ಸಣ್ಣಗಿದ್ದು ಮೇಲೆ ಹೋದಂತೆ ಅಗಲವಾಗುವ ಉಬ್ಬುಗಳು. ಅವುಗಳ ಮೈ ತುಂಬ ಸುಟ್ಟ ಮಣ್ಣಿನ ದುಂಡು ತುಂಡುಗಳು, ಕೆಲವು ಹಸಿರು ಲೇಪದವು, ಉಳಿದವು ಮಣ್ಣಿನ ಬಣ್ಣದವೇ. ಕುಂಬಾರರು ದಿನಾ ಮಾಡುವ ವಸ್ತುವೇ ಗೋಡೆಯಾಯಿತು. ಅಲ್ಲಿ ಮಣ್ಣಿನ ಕೆಲಸ ಹತ್ತಿರದಿಂದ ಕಂಡ ಸೊಲೇರಿ ಅಮೆರಿಕಕ್ಕೆ ವಾಪಸು ಹೋದ ಮೇಲೆ ಅರಿಜೋನಾದಲ್ಲಿ ಮಣ್ಣಿನ ಗಂಟೆಗಳನ್ನು ಮಾಡಿ ಮಾರತೊಡಗಿದರು. 1970ರಲ್ಲಿ ಶುರು ಮಾಡಿದ ಆರ್ಕೊಸಾಂತಿ ಅನ್ನುವ ಅವರ ಪ್ರಯೋಗದ ಊರಿಗೂ ಗಂಟೆ ಮಾರಿದ ದುಡ್ಡು ನೆರವಾಯಿತು.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಸರ್, ಹಾಗಾದರೆ ಜರ್ಮನ್ನರು ಆ ಊರಿನ ಕಲೆಯನ್ನು ತಗೊಂಡು ತಮ್ಮ ಹೆಸರು ಹಾಕಿಕೊಂಡರು ಅಂತ ಹೇಳಬಹುದಾ?”

ನಾನು ಹಾಗೆ ಹೇಳುವುದಿಲ್ಲ. ಕಸಿದುಕೊಂಡಾಗ ಊರು ಬರಿದಾಗುತ್ತದೆ. ಇಲ್ಲಿ ಊರಿಗೆ ಕೆಲಸ ಬಂತು, ಹೊಸ ಕೊಳ್ಳುವವರು ಬಂದರು, ಊರಿನ ಹುಡುಗರು ಕುಂಚ ಹಿಡಿದರು. ಚಿತ್ರ ಬರೆದವರು ಹೋದ ಮೇಲೂ ಅವರ ಚಿತ್ರಗಳು ಅಲ್ಲೇ ಉಳಿದು, ಊರಿನವರ ಕೈಯಲ್ಲಿ ಬದಲಾಗುತ್ತಾ ಹೋದವು. ಇವತ್ತು ಅಲ್ಲಿ ಕತ್ತೆ ಬರೆಯುವವರು ಅದನ್ನು ತಮ್ಮದೇ ಅಂತ ಬರೆಯುತ್ತಾರೆ, ಅದು ನ್ಯಾಯವೇ. ನನ್ನ ತಕರಾರು ಡೋಲ್ಕರ್ ಮೇಲೆ ಅಲ್ಲ. ಅವರು ಬಂದು ಕುಂಬಾರರ ಪಕ್ಕ ಕೂತರು. ನಂತರ ಚರಿತ್ರೆ ಬರೆದವರು ಅವರೊಬ್ಬರನ್ನೇ ಫೋಟೋದ ನಡುವೆ ನಿಲ್ಲಿಸಿ ಪಕ್ಕದವರನ್ನು ಕತ್ತರಿಸಿಬಿಟ್ಟರು. ತಕರಾರು ಅದರ ಮೇಲೆ.

ಇನ್ನೊಬ್ಬರು, ವಯಸ್ಸಾದವರು, ಮುಂದಿನ ವರ್ಷ ಮಗಳ ಜೊತೆ ಇಟಲಿಗೆ ಹೋಗುವವರಿದ್ದಾರೆ. ವಿಯೆತ್ರಿಯಲ್ಲಿ ಏನು ನೋಡಬೇಕು ಅಂತ ಕೇಳಿದರು.

ನೇಪಲ್ಸಿನಿಂದ ಸಲೆರ್ನೊಗೆ ಹೋಗುವ ರೈಲು ಮಾರ್ಗದಲ್ಲೇ ವಿಯೆತ್ರಿ ನಿಲ್ದಾಣ ಇದೆ. ಅಂಗಡಿ ಬೀದಿಗೆ ಹೋಗುವ ಮುಂಚೆ ರಾಯ್ತೊಗೆ ಹೋಗಿ. ರಾಜ ಉಳಿದಿದ್ದ ವಿಲ್ಲಾ ಗ್ವಾರಿಲ್ಯಾದ ತೋಟದಲ್ಲಿ ಒಂದು ಗೋಪುರ ಇದೆ. ಪ್ರಾಂತ್ಯದ ಪಿಂಗಾಣಿ ಮ್ಯೂಸಿಯಂ 1981ರಿಂದ ಅಲ್ಲಿದೆ, ಜರ್ಮನ್ ಕಾಲದ ವಸ್ತುಗಳಿಗೆ ಬೇರೆ ವಿಭಾಗವೇ ಇದೆ. ಅಲ್ಲಿ ತಟ್ಟೆಗಳ ಮುಂದೆ ನಿಂತಾಗ ಮೊದಲು ಚಿತ್ರ ನೋಡಿ, ಆಮೇಲೆ ಚಿತ್ರ ಬಿಟ್ಟು ಅಂಚು ನೋಡಿ, ಲೇಪ ತೆಳುವಾಗಿ ಕೆಂಪು ಮಣ್ಣು ಕಾಣುವ ಜಾಗ ಹುಡುಕಿ. ನಂತರ ಸೊಲಿಮೆನೆ ಕಟ್ಟಡಕ್ಕೆ ಬನ್ನಿ. ತಿಗರಿಯ ಹತ್ತಿರ ನಿಲ್ಲಲು ಬಿಟ್ಟರೆ ಸ್ವಲ್ಪ ಹೊತ್ತು ನಿಂತು ನೋಡಿ. ಏನಾದರೂ ಕೊಂಡರೆ, ಅದನ್ನು ಮಾಡಿದವರ ಹೆಸರು ಕೇಳಿ ಬರೆದುಕೊಂಡು ಬನ್ನಿ.